ಕುಲ್ಸುಂ ಬಿ ಹೊಲಿದ ಅಂಗಿ

ಚಾಮರಾಜನಗರದ ಮುಸಲ್ಮಾನರ ಕೇರಿಯಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೊದಲು ಕರೆ ಬರುತ್ತಿದ್ದದ್ದು ಕುಲ್ಸುಂ ಬಿಗೆ. ಸತ್ತವಳಿಗೆ ಸ್ನಾನ ಮಾಡಿಸಿ ಕಫನ್ ಬಟ್ಟೆ ತೊಡಿಸುವ ಕೆಲಸ ಅವಳದು. ಹೊದಿಸಿದ ಬಟ್ಟೆಯ ಕೆಳಗೇ ಕೈಯಾಡಿಸಿ ಎಲ್ಲ ಮುಗಿಸುತ್ತಿದ್ದಳು. ಮೈ ಒಂದಿಷ್ಟೂ ಹೊರಗೆ ಕಾಣಲು ಬಿಡುತ್ತಿರಲಿಲ್ಲ. ಸತ್ತವರಿಗೆ ಅಷ್ಟು ಮರ್ಯಾದೆ. ಬದುಕಿದ್ದವರ ಗತಿ ಏನೆಂದು ತಿಳಿದದ್ದು, ಗುಂಡ್ಲುಪೇಟೆಗೆ ಕೊಟ್ಟಿದ್ದ ಮಗಳು ಹಫೀಜಾ ಹೊಟ್ಟೆಯ ಆಪರೇಷನ್ನಿಗೆ ಬಂದು ಆಸ್ಪತ್ರೆಯಲ್ಲಿ ಮಲಗಿದಾಗ.

ಅಲ್ಲಿ ಕೊಟ್ಟಿದ್ದು ಬೆನ್ನ ಹಿಂದೆ ಲಾಡಿ ಕಟ್ಟುವ ಮೊಣಕಾಲುದ್ದದ ಅಂಗಿ. ಯಾವ ಪುಣ್ಯಾತ್ಮ ಯೋಚಿಸಿ ಹೊಲಿದನೋ, ಗಾಯ ಇರುವುದು ಹೊಟ್ಟೆಯ ಮೇಲೆ, ಅಂಗಿ ತೆರೆಯುವುದು ಬೆನ್ನಿನಲ್ಲಿ! ಗಾಯ ತೊಳೆಯಲು ಕೆಳಗಿನಿಂದ ಎದೆಯ ತನಕ ಎತ್ತಬೇಕು. ಮೊದಲ ಸಲ ಡಾಕ್ಟರು, ಕಾಂಪೌಂಡರು ಎಲ್ಲರೆದುರು ಎತ್ತಿದರು. ಆಮೇಲೆ ಹಫೀಜಾ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದವಳು ಬಿಡಲೇ ಇಲ್ಲ. ಗಾಯದಲ್ಲಿ ಕೀವಾಯಿತು, ಜ್ವರ ಏರಿತು. ತೊಳೆಯಲು ಬಿಡದಿದ್ದರೆ ಮೈಸೂರಿನಿಂದ ತರಿಸಿದ ಪೆನ್ಸಿಲಿನ್ ಕೂಡ ಮಗಳನ್ನು ಉಳಿಸುವುದಿಲ್ಲವೆಂದು ಡಾಕ್ಟರು ಕುಲ್ಸುಂ ಬಿಗೆ ನೇರವಾಗಿಯೇ ಹೇಳಿದರು.

ಅವಳು ಮನೆಗೆ ಓಡಿ ಕತ್ತರಿ ಹಿಡಿದಳು. ಏಳಲಾಗದವರಿಗೆ ಮೈ ಕಾಣದ ಹಾಗೆ ಬಟ್ಟೆ ತೊಡಿಸುವುದು ಅವಳಿಗಿಂತ ಯಾರಿಗೆ ಗೊತ್ತು? ಬಿಳಿ ಬಟ್ಟೆ ಮಡಿಸಿ, ತಲೆ ತೂರುವಷ್ಟು ಸೀಳಿ, ಪಕ್ಕಗಳನ್ನು ಹೊಲಿಯದೆ ಬಿಟ್ಟು, ಅದೇ ಬಟ್ಟೆಯ ಅಂಚು ಹರಿದು ಲಾಡಿ ಮಾಡಿದಳು. ಹೆಮ್ಮೆಯಿಂದಲೇ ತಂದು ಮಂಚದ ಮೇಲೆ ಹರಡಿದಳು.

ಪಕ್ಕದ ಮಂಚದಲ್ಲಿದ್ದ ಹರದನಹಳ್ಳಿಯ ದೊಡ್ಡಮಲ್ಲಮ್ಮ ಅದನ್ನು ಮುಟ್ಟಿ ನೋಡಿ, ತನಗೂ ಇಂಥದ್ದೊಂದು ಮಾಡಿಕೊಡಿ ಬೂಬಮ್ಮ ಎಂದು ಕೇಳಿದಳು. ಹಫೀಜಾ ಮಾತ್ರ ಗೋಡೆಯ ಕಡೆ ಸರಿದಳು. ಚಿಕ್ಕಂದಿನಲ್ಲಿ ತಾಯಿಯ ಪಕ್ಕ ಕೂತು ಇಂಥ ಲಾಡಿಗಳನ್ನು ಹಿಡಿದುಕೊಟ್ಟವಳು ಅವಳು.

"ಇದು ಕಫನ್ ಕಣಮ್ಮಾ," ಎಂದಳು. "ನಂಗೂ ಕತ್ತರಿಸ್ಬುಟ್ಯಾ?"

ಕುಲ್ಸುಂ ಬಿ ತಾನು ಹೊಲಿದದ್ದನ್ನು ಮತ್ತೆ ನೋಡಿದಳು. ಅವಳ ಕೈಗೆ ಬರುತ್ತಿದ್ದದ್ದು ಅದೊಂದೇ ಅಳತೆ. ಆ ಕೈಗಳ ಮೇಲೇ ಅಸಹ್ಯ ಬಂದು, ಬಟ್ಟೆಯನ್ನು ಮುದ್ದೆ ಮಾಡಿ ಸೆರಗಿನಡಿ ಅಡಗಿಸಿ ಅತ್ತಳು. ಆಮೇಲೆ, ತಾನು ಬಟ್ಟೆ ತೊಡಿಸಿದ ಯಾರನ್ನೂ ಕೇಳದಿದ್ದ ಮಾತನ್ನು ಕೇಳಿದಳು.

"ನಿಂಗೆ ಎಂಗಿರ್ಬೇಕು, ಯೋಳು ಮಗಾ."

ಬಣ್ಣದ್ದಾಗಿರಲಿ, ತೋಳಿರಲಿ, ಗಾಯದ ಹತ್ತಿರ ಮಾತ್ರ ತೆರೆಯಲಿ ಎಂದಳು ಹಫೀಜಾ. "ಲಾಡಿ ಮುಂದ್ಕಿರ್ಲಿ. ಬಿಚ್ಚೋಳೂ ನಾನೇ, ಕಟ್ಟೋಳೂ ನಾನೇ."

ಸಂಜೆಯೊಳಗೆ ಕುಲ್ಸುಂ ಬಿ ಹೂವಿನ ಚೀಟಿ ಬಟ್ಟೆಯಲ್ಲಿ ಹಾಗೇ ಹೊಲಿದು ತಂದು ತೊಡಿಸಿದಳು. ಡಾಕ್ಟರು ಬಂದಾಗ ಹಫೀಜಾ ತಾನೇ ಲಾಡಿ ಬಿಚ್ಚಿದಳು. ಗಾಯವಷ್ಟೇ ಕಂಡಿತು. ಕೀವು ತೆಗೆದು ತೊಳೆದರು; ಉಳಿಯುತ್ತಾಳೆಂಬ ಭರವಸೆಯನ್ನು ಮಾತ್ರ ಅವರು ಕೊಡಲಿಲ್ಲ.

ಅವರು ಹೋದ ಮೇಲೆ ಹಫೀಜಾ ಗಂಟು ಹಾಕಲು ಹೊರಟಳು. ಜ್ವರದ ಬೆರಳುಗಳಲ್ಲಿ ನಿಲ್ಲದೆ ಲಾಡಿ ಜಾರಿತು, ಮತ್ತೆ ಜಾರಿತು. ಕುಲ್ಸುಂ ಬಿಯ ಕೈ ತಾನಾಗಿಯೇ ಮುಂದೆ ಹೋಯಿತು. ಈ ಗಂಟನ್ನು ತಾನು ಹಾಕಬಾರದೆನಿಸಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಮಗಳ ಬೆರಳುಗಳನ್ನೇ ನೋಡುತ್ತ ಕೂತಳು.