ಬಲಕ್ಕೆ ಒಂದು ಗೇಣು

ಕೆರಾಡಿಯ ಉಮಾನಾಥ ಶೆಟ್ಟರ ಕಣ್ಣಿಗೆ ಪೊರೆ ಬಂದದ್ದು ಯಾವಾಗ ಎಂದು ಅವರ ಹೆಂಡತಿ ಪ್ರಭಾವತಿಯವರೂ ಸರಿಯಾಗಿ ಹೇಳಲಾರರು. ಶೆಟ್ಟರು ಬಾಯಿಬಿಟ್ಟಿದ್ದರಲ್ಲವೇ ಗೊತ್ತಾಗುವುದು? ಪೇಪರು ಓದುವುದು ನಿಂತಾಗ, ಅದರಲ್ಲಿ ಬರುವುದೆಲ್ಲ ಸುಳ್ಳು ಎಂದರು. ಬಸ್ಸಿನ ಬೋರ್ಡು ಕಾಣದಾದಾಗ, ಕಂಡಕ್ಟರನ ಕುಶಲ ವಿಚಾರಿಸುವ ನೆಪದಲ್ಲಿ ಬಸ್ಸು ಎಲ್ಲಿಗೆಂದು ತಿಳಿದುಕೊಂಡರು. ಅರವತ್ತೆರಡು ವರ್ಷದ ಮನುಷ್ಯನಿಗೆ ಪೊರೆ ಬರುವುದು ನಾಚಿಕೆಪಡುವ ಸಂಗತಿಯಲ್ಲ. ಕುಂದಾಪುರಕ್ಕೆ ಹೋದರೆ ಒಂದು ದಿನದ ಕೆಲಸ. ಆದರೆ ಶೆಟ್ಟರ ಮನೆಯಲ್ಲಿ ಕೋವಿ ಇತ್ತು. ಕೋವಿಯವನ ಕಣ್ಣು ಮಂಜಾಯಿತು ಎಂದು ಊರಿಗೆ ಗೊತ್ತಾದ ಮೇಲೆ ಅವನ ಹತ್ತಿರ ಉಳಿಯುವುದೇನು?

ಅಜ್ಜನ ಕಾಲದ ಒಂಟಿ ನಳಿಕೆಯ ಕೋವಿ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸು. ಗದ್ದೆಗೆ ಹಂದಿ ಇಳಿದರೆ, ಯಾರ ಗದ್ದೆಯೇ ಆಗಲಿ, ಕರೆ ಬರುತ್ತಿದ್ದದ್ದು ಶೆಟ್ಟರಿಗೆ. ಶೆಟ್ಟರು ಕಿಸೆಯಲ್ಲಿ ಎರಡನೇ ತೋಟಾ ಇಟ್ಟುಕೊಳ್ಳುವುದು ಅಲಂಕಾರಕ್ಕೆ ಎಂದು ಜನ ತಮಾಷೆ ಮಾಡುತ್ತಿದ್ದರು. ಆ ತಮಾಷೆಯ ಮೇಲೆಯೇ ಶೆಟ್ಟರು ಮೂವತ್ತು ವರ್ಷ ತಲೆ ಎತ್ತಿ ನಡೆದಿದ್ದರು. ಈಗ ಗುರಿ ಹಿಡಿದರೆ ನಳಿಕೆಯ ತುದಿಯ ಗುರಿಮೊಳೆಯೇ ಕಾಣುತ್ತಿರಲಿಲ್ಲ.

ಅವರ ಜೊತೆ ಗದ್ದೆ ಸುತ್ತುತ್ತಿದ್ದವನು ದುಗ್ಗಪ್ಪ. ಹೊಳೆಯ ಈಚೆ ದಡದಲ್ಲಿ ಅವನ ಮನೆ. ಇಬ್ಬರೂ ಒಟ್ಟಿಗೆ ಶಾಲೆ ಬಿಟ್ಟವರು, ಅಂದರೆ ಒಂದೇ ದಿನ ಒಂದೇ ಮಾಸ್ಟರ ಬೆತ್ತಕ್ಕೆ ಹೆದರಿ ಓಡಿ ಬಂದವರು. ಇಬ್ಬರ ಹಿಂದೆ ಬೊಳ್ಳ ಎಂಬ ಬಿಳಿ ನಾಯಿ. ದುಗ್ಗಪ್ಪನ ಹೆಂಡತಿ ಬಾಗಿ ಅದನ್ನು ಕಣ್ಣು ಬಿಡದ ಮರಿಯಿಂದ ಸಾಕಿದ್ದಳು. ಹೆಸರಿಗೆ ದುಗ್ಗಪ್ಪನ ನಾಯಿ. ಬೆಳಗಿನ ದೋಸೆ ಪ್ರಭಾವತಿಯವರ ಕೈಯದು, ಮಧ್ಯಾಹ್ನದ ನಿದ್ದೆ ಶೆಟ್ಟರ ಜಗಲಿಯಲ್ಲಿ.

ಎರಡು ಸಾವಿರದ ಎಂಟರ ದೀಪಾವಳಿಗೆ ಶೆಟ್ಟರ ಅಣ್ಣನ ಮಗ ನಿತೇಶ್ ಮುಂಬಯಿಯಿಂದ ಬಂದ. ಅಂಧೇರಿಯಲ್ಲಿ ಅವನದು ಹೋಟೆಲು. ರೈಫಲ್ ಕ್ಲಬ್ಬಿಗೆ ಹೋಗುವ ಗಿರಾಕಿಯೊಬ್ಬರು ಕೋವಿಗೆ ಕೂರಿಸುವ ರೆಡ್ ಡಾಟ್ ಎಂಬ ಹಳೆಯ ಗುರಿಗಾಜೊಂದನ್ನು ಅವನಿಗೆ ಕೊಟ್ಟಿದ್ದರಂತೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಮುಂದೆ ಒಂದು ಗಾಜು, ಒಳಗೆ ಗಡಿಯಾರದ ಸೆಲ್ಲು. ಗುಂಡಿ ತಿರುಗಿಸಿದರೆ ಗಾಜಿನಲ್ಲಿ ಕೆಂಪು ಚುಕ್ಕಿ ಬರುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಎದುರಿನವನ ಎದೆಯ ಮೇಲೆ ಬೀಳುವ ಬೆಳಕಲ್ಲ ಅದು; ಕೋವಿ ಹಿಡಿದವನಿಗೆ ಮಾತ್ರ ಕಾಣುವ ಚುಕ್ಕಿ. ತುದಿಯ ಮೊಳೆ, ಹಿಂದಿನ ಕಂಡಿ ಎಂದು ಒಂದರ ಹಿಂದೆ ಒಂದು ಹೊಂದಿಸುವ ರಗಳೆಯಿಲ್ಲ. ಎರಡು ಕಣ್ಣೂ ಬಿಟ್ಟು, ಚುಕ್ಕಿಯನ್ನು ಗುರಿಯ ಮೇಲಿಟ್ಟರೆ ಸಾಕು. ಶೆಟ್ಟರಿಗೆ ಹೋದ ಜೀವ ಬಂದಂತಾಯಿತು.

ಕೋಟೇಶ್ವರದಲ್ಲಿ ಲೇತ್ ಇಟ್ಟುಕೊಂಡಿದ್ದ ರವಿಚಂದ್ರ ಆಚಾರಿ ನಳಿಕೆಗೆ ಸರಿಯಾಗಿ ಕಬ್ಬಿಣದ ಪಟ್ಟಿ ಮಾಡಿ, ಎರಡು ಸ್ಕ್ರೂ ಬಿಗಿದು ಅದನ್ನು ಕೂರಿಸಿಕೊಟ್ಟ. ಗಾಜಿಗೆ ಎಣ್ಣೆ ತಾಗಿಸಬೇಡಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಕೆಲಸ ಮುಗಿದ ಮೇಲೆ ಚುಕ್ಕಿ ಆರಿಸಿ ಎಂದೆಲ್ಲ ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಿದ್ದ.

"ಒಂದ್ಸಲ ಬಿಚ್ಚಿರೆ ಮತ್ತೆ ಮೊದ್ಲಿಂದ ಗುರಿ ಕೂರ್ಸ್ಕ್, ಶೆಟ್ರೆ. ಚುಕ್ಕಿ ಕಾಂಬ್ದ್ ಬೇರೆ, ಗುಂಡ್ ಹೋಪ್ದ್ ಬೇರೆ."

ಗುರಿ ಕೂರಿಸಿದ್ದು ಶೆಟ್ಟರ ಕೊಯ್ಲಾದ ಗದ್ದೆಯಲ್ಲಿ. ನಲವತ್ತು ಹೆಜ್ಜೆ ದೂರದ ಕಟ್ಟೆಗೆ ಹಳೇ ಕ್ಯಾಲೆಂಡರಿನ ಹಾಳೆ ಚುಚ್ಚಿ, ಮಧ್ಯೆ ಮಸಿಯ ಬೊಟ್ಟಿಟ್ಟು, ಶೆಟ್ಟರು ಒಂದೊಂದು ಗುಂಡು ಹಾರಿಸಿದರು. ಪ್ರತಿ ಸಲವೂ ದುಗ್ಗಪ್ಪ ಓಡಿಹೋಗಿ ಹಾಳೆಯ ಮೇಲೆ ಬೆರಳಿಟ್ಟು ಅಳೆದು ಕೂಗುತ್ತಿದ್ದ: "ಎಡ್ಕ್ ನಾಕ್ ಬೆರ್ಳ್, ಕೆಳ್ಗ್ ಎರ್ಡ್!" ಶೆಟ್ಟರು ರೂಪಾಯಿ ನಾಣ್ಯದ ಅಂಚಿನಿಂದ ಸಣ್ಣ ಸ್ಕ್ರೂ ತಿರುಗಿಸುತ್ತಿದ್ದರು. ಟಿಕ್ ಟಿಕ್ ಎಂದು ಚುಕ್ಕಿ ಸರಿಯುತ್ತಿತ್ತು. ನಾಲ್ಕನೆಯ ಗುಂಡು ಬೊಟ್ಟಿಗೇ ಬಡಿಯಿತು. ಬೊಳ್ಳ ಕಟ್ಟೆಯ ಬದಿಯಲ್ಲಿ ಕುಣಿದಾಡಿತು.

ಆಮೇಲೆ ದುಗ್ಗಪ್ಪ ಆಸೆಯಿಂದ ಕೋವಿ ಎತ್ತಿ ಗಾಜಿನಲ್ಲಿ ಇಣುಕಿದ. "ಎಂತ ಚೆಂದ ಮಾರಾಯ್ರೆ! ಗುಲ್ಗಂಜಿ ಹಾಂಗೆ ಇತ್ತಲೆ!"

ಶೆಟ್ಟರಿಗೆ ಕಂಡದ್ದು ಗುಲಗಂಜಿಯಲ್ಲ. ಬೆವರಿದ ಹಣೆಯಲ್ಲಿ ಹರಡಿದ ಕುಂಕುಮ. ಎಲ್ಲರಿಗೂ ಅದು ಹಾಗೆಯೇ ಕಾಣುವುದು ಎಂದುಕೊಂಡಿದ್ದರು. ತಮ್ಮ ಕಣ್ಣು ಎಷ್ಟು ಹೋಗಿದೆಯೆಂದು ಅವರಿಗೆ ಖಚಿತವಾಗಿ ತಿಳಿದದ್ದು ಆ ಗಳಿಗೆಯಲ್ಲಿ.

ಅದಾಗಿ ವಾರದಲ್ಲಿ ಚಾ ಅಂಗಡಿಯಲ್ಲಿ ದುಗ್ಗಪ್ಪ ಈ ಸಾಹಸವನ್ನೆಲ್ಲ ಬಣ್ಣಿಸಿದ. ತಾನು ಬೆರಳಿನ ಲೆಕ್ಕ ಕೂಗಿದ್ದು, ಶೆಟ್ಟರು ತಿರುಪಿದ್ದು. ಕೇಳುತ್ತಿದ್ದ ಐತ, ಮಾತಿಗೆ ಉಪ್ಪುಖಾರ ಹಚ್ಚುವುದೇ ಕಸುಬು ಎಂಬಂಥವನು, "ಹಂಗಾರೆ ಕೋವಿ ಶೆಟ್ರದ್ದ್, ಕಣ್ಣ್ ದುಗ್ಗಪ್ಪಂದ್" ಎಂದ. ಎಲ್ಲರೂ ನಕ್ಕರು. ದುಗ್ಗಪ್ಪನೂ ನಕ್ಕ. ಹೊರಗೆ ಚಪ್ಪಲಿ ಬಿಡುತ್ತಿದ್ದ ಶೆಟ್ಟರು ಚಪ್ಪಲಿ ಮತ್ತೆ ಹಾಕಿಕೊಂಡು ಮನೆಗೆ ನಡೆದರು. ಐತನ ಮಾತನ್ನು ಅವರು ಮರೆಯುತ್ತಿದ್ದರೇನೋ. ದುಗ್ಗಪ್ಪನ ನಗು ಎದೆಯಲ್ಲಿ ಮುಳ್ಳಾಗಿ ಕೂತಿತು.

ಮರುವರ್ಷ ಲೋಕಸಭೆ ಚುನಾವಣೆ ಬಂತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು. ಲೈಸೆನ್ಸಿನ ಪುಸ್ತಕದಲ್ಲಿ ಕೋವಿಯ ನಂಬರಿದೆ, ಚುಕ್ಕಿ ಗಾಜಿನ ಸುದ್ದಿ ಇಲ್ಲ. ಠಾಣೆಯ ರೈಟರು ಇದೇನೆಂದು ಕೇಳಿದರೆ ಏನು ಹೇಳುವುದು? ಶೆಟ್ಟರು ಹಿಂದಿನ ದಿನವೇ ಪಟ್ಟಿ ಸಮೇತ ಅದನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು, ಬೋಳು ಕೋವಿಯನ್ನು ಶಂಕರನಾರಾಯಣದ ಠಾಣೆಗೆ ಒಯ್ದು ಕೊಟ್ಟುಬಂದರು.

ಮೇ ತಿಂಗಳ ಕೊನೆಯಲ್ಲಿ ಕೋವಿ ವಾಪಸು ಬಂತು. ಶೆಟ್ಟರು ಜಗಲಿಯಲ್ಲಿ ಕೂತು, ನಳಿಕೆಯ ಮೇಲೆ ಹಳೆಯ ಗೀರನ್ನು ಬೆರಳಲ್ಲೇ ತಡವಿ, ಅದೇ ಜಾಗಕ್ಕೆ ಪಟ್ಟಿ ಕೂರಿಸಿ ಸ್ಕ್ರೂ ಬಿಗಿದರು. ಗುಂಡಿ ತಿರುಗಿಸಿದರು. ಚುಕ್ಕಿ ಬಂತು.

"ದುಗ್ಗಪ್ಪನ್ನ ಕರ್ದ್ ಒಂದ್ ಹೊಡ್ದ್ ಕಾಣಿ. ಆ ಆಚಾರಿ ಹೇಳಿದ್ರಲೆ," ಎಂದರು ಪ್ರಭಾವತಿ.

"ತೋಟಾ ಎಂತ ಮರದಂಗೆ ಬಿಡ್ತಾ? ಮೊದ್ಲ್ ಇದ್ದಲ್ಲೇ ಕೂಕಂಡಿತ್, ಸಾಕ್."

ತೋಟಾದ ಮಾತು ನೆಪ. ಗುಂಡು ಎಲ್ಲಿ ಬಿತ್ತೆಂದು ನೋಡಲು ಕಣ್ಣು ಬೇಕು, ಕಣ್ಣು ಬೇಕಾದರೆ ದುಗ್ಗಪ್ಪ ಬೇಕು. ದುಗ್ಗಪ್ಪನನ್ನು ಕರೆಯಲು ಅವರಿಗೆ ಮನಸ್ಸಿರಲಿಲ್ಲ. ಚುಕ್ಕಿ ಬಿಚ್ಚಿದ್ದನ್ನೂ ಹಾಕಿದ್ದನ್ನೂ ಅವನಿಗೆ ಹೇಳಲೇ ಇಲ್ಲ.

ಮೂರು ದಿನ ಕಳೆದು, ಬೆಳಗ್ಗೆ ಒಂಬತ್ತರ ಹೊತ್ತಿಗೆ ದುಗ್ಗಪ್ಪ ಅಂಗಳಕ್ಕೆ ಬಂದು ನಿಂತ. ಕೈಗೆ ಬಟ್ಟೆ ಸುತ್ತಿಕೊಂಡಿದ್ದ.

"ಬೊಳ್ಳಂಗೆ ಹುಚ್ಚ್ ಹಿಡ್ದಿತ್, ಶೆಟ್ರೆ."

ತಿಂಗಳ ಹಿಂದೆ ನರಿಯೊಂದು ಅದನ್ನು ಕಚ್ಚಿತ್ತು. ಎರಡು ದಿನದಿಂದ ಜೊಲ್ಲು ಸುರಿಸುತ್ತಿದ್ದ ನಾಯಿಯ ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದುಕೊಂಡು ದುಗ್ಗಪ್ಪ ಬಾಯಿಯೊಳಗೆ ಕೈ ಹಾಕಿ ಹಲ್ಲು ತಾಗಿಸಿಕೊಂಡಿದ್ದ. ಹಿಂದಿನ ದಿನ ಕುಂದಾಪುರದಲ್ಲಿ ಅವನಿಗೆ ಮೊದಲ ಇಂಜೆಕ್ಷನ್ ಆಗಿತ್ತು. ದನದ ಡಾಕ್ಟರು ರಜೆಯಲ್ಲಿದ್ದರು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಗ್ಗವನ್ನು ನಾಯಿ ಬೆಳಗ್ಗೆ ಕಡಿದುಕೊಂಡು ಗದ್ದೆಗೆ ಹೋಗಿತ್ತು. ತುಂಡಾದ ಹಗ್ಗದ ತುದಿ ಬೇಲಿಯ ಗೂಟಕ್ಕೆ ಸಿಕ್ಕಿ ಅಲ್ಲಿ ನಿಂತಿತ್ತು. ಹತ್ತಿರ ಹೋದರೆ ಜಗ್ಗುತ್ತದೆ. ಜಗ್ಗಿದರೆ ಹಗ್ಗ ಬಿಡುತ್ತದೆ, ಆಚೆಗೆ ಶಾಲೆಯ ದಾರಿ.

"ಬಾಗಿನ್ನ ಹೊಳೆ ಆಚಿಗೆ ಅವ್ಳ ಅಕ್ಕನ ಮನಿಗ್ ಕಳ್ಸಿದೆ. ಬನ್ನಿ ಶೆಟ್ರೆ. ಒಂದೇ ಗುಂಡ್. ಅದ್ಕ್ ಗೊತ್ತಾಪುಕಾಗ."

ಶೆಟ್ಟರು ಕೋವಿ ತೆಗೆದುಕೊಂಡರು; ಕಿಸೆಗೆ ಈ ಸಲ ಒಂದಲ್ಲ, ಎರಡು ತೋಟಾ ಹಾಕಿಕೊಂಡರು. ಚುಕ್ಕಿ ಬಿಚ್ಚಿ ಹಾಕಿದ್ದನ್ನು ಆಗಲಾದರೂ ಹೇಳಬಹುದಿತ್ತು. ಗದ್ದೆಯ ಅಂಚಿನವರೆಗೆ ಇಬ್ಬರೂ ಒಟ್ಟಿಗೆ ನಡೆದರು, ಹೇಳಲು ಬೇಕಾದಷ್ಟು ದಾರಿಯಿತ್ತು. ಶೆಟ್ಟರು ಹೇಳಲಿಲ್ಲ. ಅವರ ಬಗ್ಗೆ ನನಗೆ ಅಯ್ಯೋ ಎನಿಸುವಷ್ಟೇ ಸಿಟ್ಟೂ ಬರುವುದು ಇಲ್ಲಿಯೇ.

ಗದ್ದೆಯ ಅಂಚಿನಲ್ಲಿ ದುಗ್ಗಪ್ಪ ನಿಂತುಬಿಟ್ಟ. "ನಂಗ್ ಕಾಂಬುಕ್ ಆತಿಲ್ಲೆ. ಆಯ್ತ್ ಅಂದೇಳಿ ನೀವೇ ಹೇಳಿ." ಬೆನ್ನು ತಿರುಗಿಸಿ, ಎರಡು ಕಿವಿಗೂ ಕೈ ಮುಚ್ಚಿ ಕೂತ.

ಉತ್ತ ಮಣ್ಣಿನ ಆಚೆ, ಸುಮಾರು ನಲವತ್ತು ಹೆಜ್ಜೆ ದೂರದಲ್ಲಿ, ಶೆಟ್ಟರಿಗೆ ಒಂದು ಬಿಳಿ ಮುದ್ದೆ ಕಂಡಿತು. ತಲೆ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಬಿಳಿ ಅಲುಗಾಡಿದ ಕಡೆ ತಲೆ ಎಂದುಕೊಂಡರು, ಬಲಗಡೆ. ಅಷ್ಟು ಅವರು ಸರಿಯಾಗಿಯೇ ಊಹಿಸಿದ್ದರು. ಚುಕ್ಕಿಯನ್ನು ಆ ತುದಿಯ ಮೇಲಿಟ್ಟರು. ಉಸಿರು ಹಿಡಿದು ಕೋವಿಯ ಕುದುರೆ ಎಳೆದರು.

ಬೊಳ್ಳ ಕಿರುಚಿತು. ಗುಂಡು ಎಡಕ್ಕೆ ಹೋಗಿ ಹಿಂಗಾಲಿನ ಸಂದಿಗೆ ಬಡಿದಿತ್ತು. ಆ ಕೂಗು ನಾಯಿಯದು ಎಂದು ಹೇಳುವ ಹಾಗಿರಲಿಲ್ಲ. ಶೆಟ್ಟರು ಕಿಸೆಯಿಂದ ಇನ್ನೊಂದು ತೋಟಾ ತೆಗೆಯುವಾಗ ಅದು ಮಣ್ಣಿಗೆ ಬಿತ್ತು, ಬಗ್ಗಿ ಹುಡುಕಿದರು. ನಳಿಕೆಗೆ ತುಂಬಿ ಮತ್ತೆ ಹೊಡೆದರು. ಎಲ್ಲೋ ಮಣ್ಣು ಹಾರಿತು. ಕೂಗು ನಿಲ್ಲಲಿಲ್ಲ.

ದುಗ್ಗಪ್ಪ ಎದ್ದು ತಿರುಗಿದ. ಯಾವುದನ್ನು ನೋಡಲಾರೆ ಎಂದಿದ್ದನೋ ಅದನ್ನು ಪೂರ್ತಿ ನೋಡಿದ. ಆಮೇಲೆ ಶೆಟ್ಟರನ್ನು ನೋಡಿದ. ಬಂದು ಅವರ ಹಿಂದೆ ನಿಂತು, ನಳಿಕೆಯ ನೇರಕ್ಕೆ ಕಣ್ಣಿಟ್ಟು, ಬಟ್ಟೆ ಸುತ್ತಿದ ಕೈಯನ್ನು ಅವರ ಹೆಗಲ ಮೇಲಿಟ್ಟ.

"ತುಂಬ್ಸಿ," ಎಂದ. ಶೆಟ್ಟರು ತುಂಬಿಸಿದರು.

"ಗುಂಡ್ ಎಡ್ಕ್ ಹೋತಾ ಇತ್ತ್. ಬಲ್ಕ್ ಒಂದ್ ಗೇಣ್ ಹಿಡೀನಿ." ದನಿ ಗದ್ದೆಯಲ್ಲಿ ಕ್ಯಾಲೆಂಡರಿನ ಹಾಳೆ ಅಳೆದ ದಿನದ ದನಿಯಂತೆಯೇ ಇರಲೆಂದು ಅವನು ಪ್ರಯತ್ನಪಡುತ್ತಿದ್ದ. "ಇನ್ನೂ ಸ್ವಲ್ಪ. ತಲಿ ಕೆಳ್ಗ್ ಹಾಕಿತ್... ತಡೀನಿ. ಈಗ ಎತ್ತಿತ್. ನಮ್ಮನ್ನೇ ಕಾಂತಾ ಇತ್ತ್. ಸಮಾ ಇತ್ತ್. ಬಿಡಿ."

ಶೆಟ್ಟರು ಬಿಟ್ಟರು. ಗದ್ದೆಯಲ್ಲಿ ಸದ್ದಡಗಿತು.

ಅದನ್ನು ಹೂಳುವಾಗ ದುಗ್ಗಪ್ಪ ಶೆಟ್ಟರಿಗೆ ಗುದ್ದಲಿ ಮುಟ್ಟಲು ಬಿಡಲಿಲ್ಲ. ಸಿಟ್ಟಿನಿಂದಲ್ಲ, ಮಾಮೂಲಿನಂತೆ, ನೀವ್ ಕೂಕಣಿ ಎಂದಷ್ಟೇ ಹೇಳಿದ. ಎಲ್ಲ ಮುಗಿದ ಮೇಲೆ, "ಬಾಗಿ ಕೇಂಡ್ರೆ ಒಂದೇ ಗುಂಡಿಗ್ ಹೋಯ್ತ್ ಅಂದೇಳಿ ಹೇಳಿ, ಆಯ್ತಾ? ಅವ್ಳ್ ಸಾಕದ್ದಲೆ," ಎಂದ. ಶೆಟ್ಟರು ತಲೆಯಾಡಿಸಿದರು. ಮನೆಗೆ ಬಂದು ಕೋವಿಯನ್ನು ಒರೆಸದೆ ಮೂಲೆಗಿಟ್ಟರು. ಮರುದಿನ ಬೆಳಗ್ಗೆ ಪ್ರಭಾವತಿಯವರ ಕೈ ಅಭ್ಯಾಸಬಲದಿಂದ ಒಂದು ದೋಸೆ ಹೆಚ್ಚು ಹುಯ್ದಿತು.

ನಾಲ್ಕನೆಯ ದಿನ ಶೆಟ್ಟರು ಹೊಳೆಬದಿಯ ದುಗ್ಗಪ್ಪನ ಮನೆಗೆ ಹೋದರು. ದುಗ್ಗಪ್ಪ ಇಂಜೆಕ್ಷನ್ನಿಗೆಂದು ಕುಂದಾಪುರಕ್ಕೆ ಹೋಗಿದ್ದ. ಬಾಗಿ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ಮಣೆ ಕೊಟ್ಟಳು.

"ಬೇಗ ಹೋಯ್ತಾ, ಶೆಟ್ರೆ, ಅದ್?" ಎಂದಳು.

"ಹೌದ್. ಒಂದೇ ಗುಂಡಿಗ್ ಹೋಯ್ತ್."

ಬಾಗಿ ಹುಣಸೆಹಣ್ಣಿನಿಂದ ಕಣ್ಣೆತ್ತಲಿಲ್ಲ. "ನಂಗ್ ಮೂರ್ ಸದ್ದ್ ಕೇಂಡಿತ್," ಎಂದಳು. "ಅಕ್ಕನ ಮನಿ ಹೊಳಿ ಆಚಿಗೇ ಅಲ್ದಾ. ಅದ್ರ ಕೂಗೂ ಕೇಂಡಿತ್."

ಇಷ್ಟು ವರ್ಷ ಶೆಟ್ಟರು ಹೆಂಡತಿಗೆ ಹೇಳದ್ದು, ದುಗ್ಗಪ್ಪನಿಗೆ ಹೇಳದ್ದು, ಹೊಳೆಬದಿಯ ಆ ಅಂಗಳದಲ್ಲಿ ಹೊರಗೆ ಬಂತು. "ನಂಗ್ ಕಣ್ ಸಮಾ ಕಾಂತಿಲ್ಲೆ, ಬಾಗಿ. ಸುಮಾರ್ ವರ್ಷ ಆಯ್ತ್. ಠಾಣಿಗ್ ಕೊಡುಕ್ ಆ ಚುಕ್ಕಿ ಗಾಜ್ ಬಿಚ್ಚಿದ್ದೆ. ಮತ್ತೆ ನಾನೇ ಹಾಕ್ದೆ. ದುಗ್ಗಪ್ಪನ್ನ ಕರ್ದ್ ಗುರಿ ಕೂರ್ಸ್ಲಿಲ್ಲೆ. ತಪ್ಪಾಯ್ತ್."

ಬಾಗಿ ಕೈಯ ಬೀಜಗಳನ್ನು ಒಂದು ಕಡೆ ರಾಶಿ ಮಾಡಿದಳು.

"ಕಣ್ಣಿನ ಸುದ್ದಿ ನಮ್ಗ್ ಮೊದ್ಲೇ ಗೊತ್ತಿತ್, ಶೆಟ್ರೆ. ಅವತ್ತ್ ಹಾಲಾಡಿ ಬದಿಯ ಕೋವಿಯವ್ರನ್ನ ಕರ್ಸುವ ಅಂದೆ ನಾನ್. ಬೇಡ, ಶೆಟ್ರಿಗ್ ಬೇಜಾರಾತ್ ಅಂದ್ರ್ ಇವ್ರ್. ಆ ಚುಕ್ಕಿ ನಾನೇ ಕೂರ್ಸದ್ದ್, ತಪ್ಪುದೇ ಇಲ್ಲೆ ಅಂದ್ರ್."

ಅಷ್ಟು ಹೇಳಿ ಎದ್ದು, ಕೈ ತೊಳೆದುಕೊಂಡು, ಶೆಟ್ಟರಿಗೆ ಚಾ ಮಾಡಲೆಂದು ಒಳಗೆ ಹೋದಳು.