ಹೊರಗಿನ ಬೀಗ

ಕೊಟ್ಟಿಗೆಹಾರದ ಸುತ್ತಮುತ್ತ ಹೋಂಸ್ಟೇ ಇಟ್ಟವರು, ಕಾಫಿ ಗೋಡೌನ್ ಇದ್ದವರು, ಎಲ್ಲರ ಬಳಿಯೂ ಒಂದು ಕಾಲಕ್ಕೆ ಒಂದೇ ಕಾರ್ಡು ಇತ್ತು. ಕೆಂಪು ಬಣ್ಣದ್ದು. ಮೇಲೊಂದು ಬೆಂಕಿಯ ಚಿತ್ರ, ಕೆಳಗೆ 'ಅಗ್ನಿ ಸುರಕ್ಷತಾ ತಜ್ಞ' ಎಂಬ ಬಿರುದು. ಆ ತಜ್ಞ ಮಹಾಶಯ ಕಾರಿನಿಂದ ಕೆಳಗಿಳಿದದ್ದನ್ನು ಕಂಡವರೇ ಕಡಿಮೆ. ಗಾಜು ಇಳಿಸುವುದು, ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನೇತಾಡುತ್ತಿದೆಯೇ ಎಂದು ಕತ್ತು ಚಾಚಿ ನೋಡುವುದು, 'ಎಲ್ಲ ಸರಿಯಾಗಿದೆ' ಎಂದು ಬರೆದು ಕೊಟ್ಟು ಹೋಗುವುದು. ಅಷ್ಟೇ ಅವನ ಕಸುಬು. ಅತ್ತಿಗುಂಡಿ ಕಡೆಯ ಹೋಂಸ್ಟೇ ಒಂದರ ಅಡುಗೆಮನೆಗೆ ಬೆಂಕಿ ಹತ್ತಿದಾಗ ಸಿಲಿಂಡರ್ ಒತ್ತಿದರೆ ಅದು ಬರೀ 'ಉಸ್' ಅಂದಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಅದೇ ಪುಣ್ಯ.

ಅದಾದ ಮೇಲೆ ವಿಮೆಯವರು ಪಟ್ಟು ಹಿಡಿದರು. ಇನ್ನು ಮೇಲೆ ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟ್ ಪಡೆದು, ನೋಂದಣಿ ಪಟ್ಟಿಯಲ್ಲಿ ಹೆಸರು ಬಂದವರ ವರದಿಯನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ಕೆಂಪು ಕಾರ್ಡಿನವನು ಅಂದಿನಿಂದ ಈ ಕಡೆ ತಲೆ ಹಾಕಿಲ್ಲ.

ಕುಸುಮಾಳಿಗೆ ಬೇಕಾಗಿದ್ದದ್ದು ಆ ಪಟ್ಟಿಯಲ್ಲೊಂದು ಜಾಗ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಅವಳ ಕೆಲಸ. ಯಾವ ತಂತಿ ಎಲ್ಲಿ ಬಿಸಿಯಾಗುತ್ತದೆ, ಯಾವ ಮೂಟೆಯನ್ನು ಎಲ್ಲಿಡಬಾರದು, ಅವಳಿಗೆ ಬಾಯಿಪಾಠ. ಆದರೆ ಹೇಳಿದರೆ ಕೇಳುವವರು ಯಾರು? ಒಬ್ಬ ಹೋಂಸ್ಟೇ ಮಾಲೀಕನಿಗೆ, "ಗ್ಯಾಸ್ ಪೈಪು ಒಲೆ ಹಿಂದೆ ಹೋಗಿದೆ, ಬದಲಾಯ್ಸಿ" ಎಂದು ಹೇಳಿದ್ದಕ್ಕೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ನೀನು ಎಸ್ಟೇಟಿನ ಚಿಕ್ಕಯ್ಯನ ಮಗಳಲ್ವಾ? ನಿಂಗೆಂಥ ಗೊತ್ತು ಮಾರಾಯ್ತಿ ಬೆಂಕಿ ವಿಷ್ಯ!" ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಹೆಸರು ಪಟ್ಟಿಗೆ ಬಂದರೆ ಇದೇ ಮಾತಿಗೆ ತೂಕ ಬರುತ್ತದೆ ಎಂದು ಹಟಕ್ಕೆ ಬಿದ್ದು ಓದಿದಳು, ಬರೆಯುವ ಪರೀಕ್ಷೆ ಪಾಸು ಮಾಡಿದಳು. ಉಳಿದದ್ದು ಸ್ಥಳದ ಪರೀಕ್ಷೆ ಒಂದೇ. ಒಂದು ಕಟ್ಟಡವನ್ನು ಪರೀಕ್ಷಕರ ಎದುರಿಗೇ ಮೂಲೆಮೂಲೆ ತಡಕಿ, ಅಲ್ಲಿರುವ ಅಪಾಯಗಳನ್ನೆಲ್ಲ ಬರೆದು ಸಹಿ ಹಾಕಿ ಕೊಡಬೇಕು.

ಕಟ್ಟಡವನ್ನು ಅವಳೇ ಆರಿಸಬಹುದಿತ್ತು. ಬೇರೆ ಯಾವುದನ್ನು ಆರಿಸುತ್ತಾಳೆ? ತಾನು ಹುಟ್ಟಿ ಬೆಳೆದ ಎಸ್ಟೇಟಿನ ಕಾಫಿ ಸ್ಟೋರನ್ನೇ ಆರಿಸಿದಳು. ಕಣ್ಣು ಕಟ್ಟಿ ಬಿಟ್ಟರೂ ಅಲ್ಲಿ ಎಡವದೆ ನಡೆಯುತ್ತೇನೆ ಎಂಬ ಧೈರ್ಯ. ಮಾಲೀಕರಾದ ಮಂಜಯ್ಯ ಗೌಡರೂ ಖುಷಿಯಾಗಿಯೇ ಒಪ್ಪಿದ್ದರು. "ನಮ್ ಲೈನಿನ ಹುಡುಗಿ ಪರೀಕ್ಷೆ ಬರೀತಾಳೆ ಅಂದ್ರೆ ಬೇಡ ಅಂತೀನಾ? ಬಾರಮ್ಮ!"

ಕೊಯ್ಲಿನ ಕಾಲ. ಕಣದ ತುಂಬ ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಹರವಿತ್ತು, ಹೆಂಗಸರು ಅದನ್ನು ಕಾಲಲ್ಲಿ ಸಾಲು ಬಿಡಿಸುತ್ತಾ ಓಡಾಡುತ್ತಿದ್ದರು. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಬಂದ ಪರೀಕ್ಷಕಿ ಭುವನಾ, ಸಣ್ಣಗೆ, ಎತ್ತರಕ್ಕೆ, ಮಾತು ಕಡಿಮೆಯ ಹೆಂಗಸು. ಕಾರಿನಿಂದ ಇಳಿದವಳೇ ಒಂದು ಮಾತು ಕೇಳಿದಳು.

"ನಿಮ್ಗೆ ಗೊತ್ತಿರುವ ಜಾಗ ಅಲ್ವಾ ಇದು?"

"ಹೌದು ಮೇಡಂ. ಚಿಕ್ಕವಳಿದ್ದಾಗಿಂದ."

"ಗೊತ್ತಿರುವ ಜಾಗ ಸ್ವಲ್ಪ ಕಷ್ಟ" ಎಂದು ಭುವನಾ ಸ್ಟೋರಿನ ಕಡೆ ನಡೆದಳು. ಕುಸುಮಾ ಇದೆಂಥ ಮಾತು ಎಂದುಕೊಂಡಳು, ಅಷ್ಟೇ.

ಆಮೇಲೆ ಅವಳು ನಡೆದ ಪರಿ ನೋಡಬೇಕಿತ್ತು! ಸ್ಟೋರಿನ ಹಳೆಯ ವೈರಿಂಗಿನಲ್ಲಿ ಇಲಿ ಕಡಿದ ಜಾಗ ಹಿಡಿದಳು. ಖಾಲಿ ಗೋಣಿಚೀಲಗಳನ್ನು ಮೀಟರ್ ಬೋರ್ಡಿನ ಕೆಳಗೇ ಒಟ್ಟಿದ್ದನ್ನು ಹಿಡಿದಳು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಡೀಸೆಲ್ ಕ್ಯಾನು ಗೋಡೆಗೆ ಒರಗಿ ನಿಂತಿತ್ತು, ಅದನ್ನೂ ಬರೆದಳು. ಒಳಗೆ ಮೂಲೆಯಲ್ಲಿ ಕಾವಲಿನವರ ಹಲಗೆ ಮಂಚ, ಪಕ್ಕದಲ್ಲಿ ಹಳೆಯ ಹೀಟರು, ನೆಲದಲ್ಲಿ ಬೀಡಿ ತುಂಡು. ಕುಸುಮಾಳ ಮುಖ ಕೆಂಪಾಯಿತು. ಆ ಕಾವಲಿನವರು ಬೇರೆ ಯಾರೂ ಅಲ್ಲ, ಅವಳಪ್ಪ ಚಿಕ್ಕಯ್ಯನೇ. ಆದರೂ ಬಿಡಲಿಲ್ಲ. 'ಹೀಟರ್ ತೆಗೆಯಬೇಕು, ಒಳಗೆ ಬೀಡಿ ಸೇದಬಾರದು' ಎಂದು ಬರೆದಳು. ಇವತ್ತು ಅಪ್ಪನಿಗೆ ಸರಿಯಾಗಿ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿದಳು.

ಕೊನೆಗೆ ಬಾಗಿಲು. ಒಂದೇ ಬಾಗಿಲು, ಹಲಸಿನ ಮರದ ಎರಡು ದಪ್ಪ ರೆಕ್ಕೆ. 'ಅಗಲ ಸಾಕಷ್ಟಿದೆ. ಹೊರಕ್ಕೆ ತೆರೆಯುತ್ತದೆ. ಚಿಲಕ, ಬೀಗ ಗಟ್ಟಿಯಾಗಿವೆ' ಎಂದು ಬರೆದು ಸಹಿ ಹಾಕಿದಳು.

ಭುವನಾ ವರದಿಯನ್ನು ಪೂರ್ತಿ ಓದಿದಳು. "ಸಹಿ ಆದ ಮೇಲೆ ಸೇರಿಸುವ ಹಾಗಿಲ್ಲ, ಗೊತ್ತುಂಟಲ್ಲ?" ಎಂದಳು. ಕುಸುಮಾ ತಲೆಯಾಡಿಸಿದಳು. ಆಗ ಆ ಗಂಭೀರ ಮುಖದಲ್ಲೂ ಸಣ್ಣದೊಂದು ನಗು ಮೂಡಿತು. "ಚೆನ್ನಾಗಿ ಮಾಡಿದ್ದೀರಿ. ಹೆಚ್ಚು ಹೇಳ್ಬಾರ್ದು. ನಾಳೆ ತಿಳಿಸ್ತೇನೆ."

ಇನ್ನೇನು ಬೇಕು! ಗೌಡರು ಪರೀಕ್ಷಕಿಯನ್ನು ಕಾಫಿಗೆ ಬಂಗಲೆಗೆ ಕರೆದುಕೊಂಡು ಹೋದರು. ಕುಸುಮಾ ತೋಟದ ಆಳುಗಳ ಲೈನ್ ಮನೆಯ ಕಡೆಗೆ ಹೆಚ್ಚುಕಮ್ಮಿ ಓಡಿದಳು.

ಅವ್ವ ಜವರಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಚಿಕ್ಕಯ್ಯ ಉಂಡೆದ್ದು, ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಇನ್ನೂ ಬಿಸಿಲು ಇಳಿದಿರಲಿಲ್ಲ.

"ಪಾಸಾ ಮಗಾ?"

"ಆದಂಗೇ ಅಪ್ಪಾ! ಆದ್ರೆ ನಿನ್ನ ಬೀಡಿ ಬಗ್ಗೆ ಬರ್ದಿದ್ದೀನಿ, ಬಯ್ಕೋಬೇಡ."

"ಬರಿ ಬರಿ. ಅಪ್ಪನ ಮಾನ ಕಳಿ" ಎಂದು ಚಿಕ್ಕಯ್ಯ ನಕ್ಕ. "ಸರಿ, ನಾನು ಹೊರಟೆ. ರೈಟ್ರು ಕಾಯ್ತಿರ್ತಾರೆ. ನಾನು ಒಳಗೆ ಹೋಗಿ ಅವ್ರು ಬೀಗ ಹಾಕೋವರೆಗೂ ಅವ್ರು ಮನೆಗೆ ಹೋಗಂಗಿಲ್ಲ."

ಅವ್ವ ಕೊಟ್ಟಿದ್ದ ರೊಟ್ಟಿ ಕುಸುಮಾಳ ಬಾಯಿಯ ಹತ್ತಿರವೇ ನಿಂತಿತು.

ಆ ಎಸ್ಟೇಟಿನಲ್ಲಿ ಅದು ತಲೆಮಾರಿನಿಂದ ಬಂದ ಪದ್ಧತಿ. ಕೊಯ್ಲು ಶುರುವಾದರೆ ಪಾರ್ಚ್‌ಮೆಂಟ್ ಕಳ್ಳರ ಕಾಟ. ಅದಕ್ಕೆ ಕಾವಲಿನವನು ಸಂಜೆ ಸ್ಟೋರಿನ ಒಳಗೆ ಹೋಗಬೇಕು, ತೋಟದ ಲೆಕ್ಕ ಬರೆಯುವ ರೈಟರು ಹೊರಗಿನಿಂದ ಬೀಗ ಜಡಿದು ಕೀಲಿ ಬಂಗಲೆಗೆ ಕೊಡಬೇಕು, ಬೆಳಿಗ್ಗೆ ಬಂದು ತೆಗೆಯಬೇಕು. ಚಿಕ್ಕಂದಿನಲ್ಲಿ ಕುಸುಮಾ ಬೆಳಿಗ್ಗೆ ಕಾಫಿ ಹಿಡಿದು ರೈಟರ ಹಿಂದೆ ಹೋಗುತ್ತಿದ್ದಳು. ಬಾಗಿಲು ತೆರೆದಾಗ ಅಪ್ಪ ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬರುವುದನ್ನು ನೋಡುವುದೇ ಅವಳಿಗೆ ಹೆಮ್ಮೆ. ಶಾಲೆಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದಳು: "ನಮ್ಮಪ್ಪನ್ನ ಕಾಫಿ ಜೊತೆ ಬೀಗ ಹಾಕಿ ಇಡ್ತಾರೆ, ಗೊತ್ತಾ?" ಎಲ್ಲರನ್ನೂ ಹಾಗೆ ಇಡುತ್ತಾರೆಯೇ? ನಂಬಿಕಸ್ಥರನ್ನು ಮಾತ್ರ.

ಮೂಟೆ ಕಂಡಿತು, ತಂತಿ ಕಂಡಿತು, ಅಪ್ಪನ ಬೀಡಿ ತುಂಡೂ ಕಂಡಿತು. ಅಪ್ಪ ಕಾಣಲಿಲ್ಲ. ಒಂದೇ ಬಾಗಿಲಿನ ಸ್ಟೋರು, ಸುತ್ತ ಗೋಣಿ, ಒಳಗೆ ಮನುಷ್ಯ, ಹೊರಗೆ ಬೀಗ. ತಾನು ಬರೆದದ್ದೇನು? ಬೀಗ ಗಟ್ಟಿಯಾಗಿದೆ. ಅವಳಿಗೆ ನಾಚಿಕೆಯಿಂದ ಕಣ್ಣು ತುಂಬಿ ಬಂತು.

"ಅಪ್ಪಾ, ಒಳಗೆ ಬೆಂಕಿ ಬಿದ್ರೆ ನೀನು ಹೆಂಗೆ ಹೊರಗೆ ಬರ್ತೀಯಾ?"

ಚಿಕ್ಕಯ್ಯ ಬಾಗಿಲಲ್ಲಿ ತಿರುಗಿ ನಿಂತ. "ಇಷ್ಟು ವರ್ಷ ಬಿದ್ದಿದ್ಯಾ?"

"ಬಿದ್ರೆ?"

"ಅದೆಲ್ಲ ಯಾಕೀಗ? ನಂಬಿಕೆ ಕಣೆ ಅದು. ಇಡೀ ತೋಟದ ಫಸಲನ್ನ ನನ್ ಕೈಲಿ ಇಡ್ತಾರೆ. ಸುಮ್ನೆ ರೊಟ್ಟಿ ತಿನ್ನು."

"ನಂಬಿಕೆ ಇದ್ರೆ ಬೀಗ ಯಾಕಪ್ಪಾ ಹೊರಗೆ ಹಾಕ್ತಾರೆ?"

ಚಿಕ್ಕಯ್ಯ ಮತ್ತೆ ಬಾಗಿಲ ಕಡೆ ತಿರುಗಿದ. ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡ.

ಕುಸುಮಾ ತಟ್ಟೆ ಕೆಳಗಿಟ್ಟಳು. ಸುಮ್ಮನಿದ್ದರೆ ನಾಳೆ ಅವಳ ಹೆಸರು ಪಟ್ಟಿಗೆ ಸೇರುತ್ತದೆ, ಅದು ಬಹುತೇಕ ಖಚಿತ. ಮಂಗಳೂರಿನ ಹೆಂಗಸಿಗೆ ಈ ಬೀಗದ ವಿಷಯ ಗೊತ್ತಾಗುವುದು ಹೇಗೆ? ಪಟ್ಟಿಗೆ ಹೆಸರು ಬಂದ ಮೇಲೆ ಗೌಡರಿಗೆ ಮೆಲ್ಲಗೆ ಹೇಳಿ ಸರಿ ಮಾಡಿಸಿದರಾಯಿತು. ಹೀಗೆಲ್ಲ ಅವಳ ಮನಸ್ಸಿಗೆ ಬಾರದೆ ಇರಲಿಲ್ಲ. ಅವಳೇನು ದೇವತೆಯೇ? ಆದರೆ ನಾಳೆ ಇನ್ನೊಂದು ಕಡೆ ಹೀಗೆಯೇ ಒಬ್ಬ ಮನುಷ್ಯ ತನ್ನ ಕಣ್ಣಿಗೆ ಬೀಳದೆ ಹೋದರೆ? ಆಗ ತನಗೂ ಆ ಕೆಂಪು ಕಾರ್ಡಿನವನಿಗೂ ವ್ಯತ್ಯಾಸವೇನು? ಅವನು ಕಾರಿನಿಂದ ಇಳಿಯಲಿಲ್ಲ, ತಾನು ಒಳಗೆ ಹೋದೆ, ಇಷ್ಟೇ. ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. "ಕೈ ತೊಳಿಯೇ!" ಎಂದು ಜವರಮ್ಮ ಕೂಗುತ್ತಲೇ ಇದ್ದಳು.

ಬಂಗಲೆಯ ಜಗಲಿಯಲ್ಲಿ ಭುವನಾ ಹೊರಡಲು ಎದ್ದು ನಿಂತಿದ್ದಳು. ಘಾಟಿಯಲ್ಲಿ ಮಂಜು ಕವಿಯುವ ಮೊದಲು ಇಳಿಯಬೇಕೆಂಬ ಅವಸರ. ಕುಸುಮಾ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದಳು.

"ಮೇಡಂ, ನಾನೊಂದು ಬಿಟ್ಟಿದ್ದೀನಿ. ದೊಡ್ಡದೇ ಬಿಟ್ಟಿದ್ದೀನಿ." ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಭುವನಾ ಹಾಗೇ ಕುಳಿತುಬಿಟ್ಟಳು. "ಮಂಚ ನಾನೂ ನೋಡಿದೆ. ಬಾಗಿಲು ಅವರ ಕೈಯಲ್ಲೇ ಇರ್ತದೆ ಅಂದುಕೊಂಡೆ" ಎಂದಳು. "ಯಾರದು ಒಳಗೆ ಮಲಗೋದು?"

"ನಮ್ಮಪ್ಪ."

ಗೌಡರಿಗೆ ಇರುಸುಮುರುಸಾಯಿತು. "ಅಲ್ಲ ಕುಸುಮಾ, ಇದು ನಮ್ ಅಪ್ಪನ ಕಾಲದಿಂದ ನಡ್ಕೊಂಡು ಬಂದಿದ್ದು. ಚಿಕ್ಕಯ್ಯನೇ ಒಂದಿನವೂ ಏನೂ ಅಂದಿಲ್ಲ. ಬೇಕಾದ್ರೆ ಅವನ್ನೇ ಕೇಳು."

ಚಿಕ್ಕಯ್ಯ ಮಗಳ ಹಿಂದೆಯೇ ಬಂದು ಅಂಗಳದಲ್ಲಿ ನಿಂತಿದ್ದ. ಅವನ ಪಕ್ಕದಲ್ಲಿ ಬೀಗ ಹಿಡಿದ ರೈಟರು.

"ಏನೋ ಚಿಕ್ಕಯ್ಯ, ನಿಂಗೆ ಒಳಗೆ ತೊಂದ್ರೆ ಆಗ್ತಿತ್ತೇನೋ?"

ಕುಸುಮಾ ಅಪ್ಪನ ಮುಖವನ್ನೇ ನೋಡಿದಳು. ಹೇಳಪ್ಪಾ, ಒಂದು ಮಾತು ಹೇಳು ಎಂದು ಒಳಗೊಳಗೇ ಬೇಡಿಕೊಂಡಳು.

"ಎಂಥದೂ ಇಲ್ಲ ಗೌಡ್ರೆ" ಎಂದ ಚಿಕ್ಕಯ್ಯ ನೆಲ ನೋಡುತ್ತಾ.

ಕುಸುಮಾಳಿಗೆ ಅಳು ಬಂತು, ಸಿಟ್ಟೂ ಬಂತು. ಮಾತಾಡಿದವಳು ಭುವನಾ. ದನಿ ಏರಿಸಲಿಲ್ಲ. "ಗೌಡ್ರೆ, ಅವರನ್ನು ಕೇಳುವ ವಿಷಯ ಅಲ್ಲ ಇದು. ಒಳಗಿರುವ ಮನುಷ್ಯನಿಗೆ ಬಾಗಿಲು ತೆಗಿಲಿಕ್ಕೆ ಆಗ್ಬೇಕು. ಅಷ್ಟೇ." ಆಮೇಲೆ ಕುಸುಮಾಳ ಕಡೆ ತಿರುಗಿದಳು. "ಈ ಸಲ ನಿಮ್ಮನ್ನು ಪಾಸು ಮಾಡ್ಲಿಕ್ಕೆ ಬರೋದಿಲ್ಲ ಕುಸುಮಾ ಅವ್ರೇ. ಮಿಕ್ಕಿದ್ದೆಲ್ಲ ಸರಿ ಇದ್ರೂ, ಒಳಗಿರುವ ಮನುಷ್ಯನನ್ನು ಬಿಟ್ರೆ ವರದಿಯೇ ಅಲ್ಲ ಅದು."

"ಗೊತ್ತು ಮೇಡಂ."

"ನೀವು ಹೇಳದಿದ್ರೆ ಪಾಸಾಗ್ತಿತ್ತು."

"ಅದೂ ಗೊತ್ತು."

ಭುವನಾ ಅವಳ ಭುಜ ಮುಟ್ಟಿದಳು. "ಮುಂದಿನ ಸಲ ಗೊತ್ತಿಲ್ಲದ ಕಟ್ಟಡ ಆರಿಸಿ. ಬೇಗ ಅರ್ಜಿ ಹಾಕಿ, ತಡ ಮಾಡ್ಬೇಡಿ" ಎಂದು ಹೇಳಿ ಕಾರು ಹತ್ತಿದಳು.

ಗೌಡರು ಕೆಟ್ಟ ಮನುಷ್ಯರಲ್ಲ. ಜಗಲಿಯಲ್ಲಿ ಅತ್ತಿಂದಿತ್ತ ನಡೆದರು, ತಮಗೆ ತಾವೇ ಗೊಣಗಿಕೊಂಡರು. "ಥತ್, ನಾನು ಯೋಚ್ನೆನೇ ಮಾಡಿರ್ಲಿಲ್ಲವಲ್ಲ" ಎಂದರು. ಕತ್ತಲಾಗುವ ಮೊದಲೇ ಬಡಗಿಯನ್ನು ಕರೆಸಿ ಬಾಗಿಲಿಗೆ ಒಳಗಿನಿಂದ ದಪ್ಪನೆಯ ಅಗುಳಿ ಹಾಕಿಸಿದರು. ಹೊರಗಿನ ಚಿಲಕವನ್ನು ಕೀಳಿಸಿದರು. ಇನ್ನು ಕಾವಲು ಚಿಕ್ಕಯ್ಯನದು, ಬಾಗಿಲೂ ಚಿಕ್ಕಯ್ಯನದೇ. ರೈಟರು ಕೈಯಲ್ಲಿದ್ದ ಬೀಗವನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಜೇಬಿಗೇ ಹಾಕಿಕೊಂಡು ಮನೆಗೆ ಹೋದರು.

ಕುಸುಮಾ ಆ ರಾತ್ರಿ ಅಪ್ಪನ ಮೇಲೆ ಮುನಿಸಿಕೊಂಡೇ ಮಲಗಿದಳು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ, ಅದರ ಮೇಲೆ ಈ ಅಪ್ಪ 'ಎಂಥದೂ ಇಲ್ಲ' ಅನ್ನಬೇಕೇ?

ಬೆಳಿಗ್ಗೆ ಅವಳು ಒಲೆ ಮುಂದೆ ಕಾಫಿ ಸೋಸುತ್ತಿದ್ದಾಗ ಚಿಕ್ಕಯ್ಯ ತಾನೇ ನಡೆದುಕೊಂಡು ಬಂದ. ಯಾರೂ ಹೋಗಿ ಬಾಗಿಲು ತೆಗೆದಿರಲಿಲ್ಲ, ಯಾರೂ ಕರೆದಿರಲಿಲ್ಲ. ಕಂಬಳಿಯನ್ನು ಗೂಟಕ್ಕೆ ಹಾಕಿ ಮಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಕಣ್ಣು ಕೆಂಪಗಿದ್ದವು.

"ಎಂತಪ್ಪಾ, ನಿದ್ದೆ ಬರ್ಲಿಲ್ವಾ?"

"ಎಲ್ಲಿ ನಿದ್ದೆ? ಎದ್ದು ಎದ್ದು ಹೊರಗೆ ಬರ್ತಿದ್ದೆ."

"ಕಳ್ಳರು ಬಂದಿದ್ರಾ?"

"ಯಾರೂ ಇರ್ಲಿಲ್ಲ." ಚಿಕ್ಕಯ್ಯ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಸುಮ್ನೆ ಬಂದೆ. ಅಗುಳಿ ತೆಗಿಯೋದು, ಅಂಗಳದಲ್ಲಿ ಒಂಚೂರು ನಿಲ್ಲೋದು, ಮತ್ತೆ ಒಳಗೆ ಹೋಗೋದು. ಮಲಗಿದ್ರೆ ಮತ್ತೆ ಎದ್ದು ತೆಗೀಬೇಕು ಅನ್ಸೋದು."

ಕುಸುಮಾ ಸೋಸುವುದನ್ನು ನಿಲ್ಲಿಸಿದಳು.

"ಭಯ ಆಗ್ತಿತ್ತು ಮಗಾ" ಎಂದ ಚಿಕ್ಕಯ್ಯ ಒಲೆಯ ಬೆಂಕಿಯನ್ನೇ ನೋಡುತ್ತಾ. "ರೈಟ್ರು ಬೀಗ ಒತ್ತಿದ ಸದ್ದು ಕೇಳ್ದಾಗ್ಲೆಲ್ಲ ಆಗ್ತಿತ್ತು. ನೀನು ಬೆಳಿಗ್ಗೆ ಕಾಫಿ ತಂದು ಅಷ್ಟು ಖುಷಿಯಾಗಿ ನಿಂತಿರ್ತಿದ್ದೆ. ನಿನ್ ಮುಖ ನೋಡಿ ಹೆಂಗೆ ಹೇಳ್ಲಿ?"