ಹೋಪ್‌ಫಾರ್ಮ್ ಯಾರಿಗೆ

ಪ್ರಿಯಾಂಕಾಳ ಎಸೆತ ಮತ್ತೆ ತಪ್ಪಿದ್ದನ್ನು ಕಂಡು ಶಶಿಕಲಾಳಿಗೆ ಒಳಗೊಳಗೇ ಖುಷಿಯಾಯಿತು. ಖುಷಿಪಟ್ಟದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಖುಷಿಯೇ ಒಂದು ಕೈ ಮೇಲಿತ್ತು.

ಫೈನಲ್‌ಗೆ ಇನ್ನು ಅರ್ಧ ಗಂಟೆ. ಕಾಡುಗೋಡಿ ಹೆಂಗಸರ ರಗ್ಬಿ ತಂಡ ಫೈನಲ್ ಮುಖ ಕಂಡದ್ದು ಇದೇ ಮೊದಲು. ಎದುರಿಗೆ ವೈಟ್‌ಫೀಲ್ಡಿನ ಕಂಪನಿಯೊಂದರ ತಂಡ. ಯಾರಿಗೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕೋಚ್ ಚಿನ್ನಪ್ಪನವರ ಪಟ್ಟಿಯಲ್ಲಿ ಎರಡನೆಯ ನಂಬರಿನ ಮುಂದೆ ಮಾತ್ರ ಹೆಸರಿಲ್ಲ. ಅದು ಹುಕರ್‌ನ ಜಾಗ. ಎರಡೂ ತಂಡದವರು ಹೆಗಲು ಕೊಟ್ಟು ನೂಕಾಡುವಾಗ ನಡುವೆ ನಿಂತು ಹಿಮ್ಮಡಿಯಿಂದ ಚೆಂಡನ್ನು ಹಿಂದಕ್ಕೆಳೆಯಬೇಕು; ಚೆಂಡು ಮೈದಾನದ ಪಕ್ಕದ ಗೆರೆ ದಾಟಿದರೆ, ಸಾಲಾಗಿ ನಿಂತ ತನ್ನವರಿಗೆ ಅದನ್ನು ಹೊರಗಿನಿಂದ ಎಸೆಯಬೇಕಾದವಳೂ ಅವಳೇ.

ಎಂಟು ವರ್ಷದಿಂದ ಆ ಅಂಗಿ ಶಶಿಕಲಾಳದು. ವಯಸ್ಸು ಮೂವತ್ತಾರು ದಾಟಿದೆ, ಕಂಡಕ್ಟರ್ ಕೆಲಸದಲ್ಲಿ ನಿಂತೂ ನಿಂತೂ ಮಂಡಿ ಸವೆದಿದೆ. ಬೇಗೂರಿನಿಂದ ಬರುವ ಪ್ರಿಯಾಂಕಾಳಿಗೆ ಇಪ್ಪತ್ತು. ಅವಳ ಹಿಮ್ಮಡಿಗೆ ಸಿಕ್ಕ ಚೆಂಡು ಯಾವಾಗ ಹಿಂದೆ ಹೋಯಿತೆಂದೇ ತಿಳಿಯದು. ಎಸೆತ ಮಾತ್ರ ಎತ್ತಲೋ. ಕೈಯಲ್ಲಿ ಬಲವಿದೆ, ಗುರಿಯಿಲ್ಲ ಎಂದು ತಂಡವೆಲ್ಲ ತೀರ್ಮಾನಿಸಿ ಮೂರು ವಾರವಾಗಿತ್ತು.

ಎಸೆತದ ಗುಟ್ಟಿನ ಭಾಷೆ ಶಶಿಕಲಾಳೇ ಕಟ್ಟಿದ್ದು. ಎಲ್ಲವೂ ಅವಳ ಬಸ್ಸಿನ ಸ್ಟಾಪುಗಳು. ಕ್ಯಾಪ್ಟನ್ ಮಾಲಾ ಹೋಪ್‌ಫಾರ್ಮ್ ಎಂದರೆ ಸಾಲಿನ ಮೊದಲಿನವಳಿಗೆ, ಕುಂದಲಹಳ್ಳಿ ಎಂದರೆ ನಡುವಿನವಳಿಗೆ, ಮಾರತ್ತಹಳ್ಳಿ ಎಂದರೆ ಕೊನೆಯವಳಿಗೆ. ಕ್ಯಾಬಿನಲ್ಲಿ ಓಡಾಡುವ ಕಂಪನಿಯವರಿಗೆ ತಲೆಕೆಳಗಾಗಿ ನಿಂತರೂ ಇದು ಹೊಳೆಯದು ಎಂದು ಅವಳಿಗೆ ಬಲು ಹೆಮ್ಮೆ.

"ಶಶಿ, ನೀನೇ ಆಡಮ್ಮ," ಎಂದು ಚಿನ್ನಪ್ಪ ಅಂಗಿ ಕೊಟ್ಟರು.

ಶಶಿಕಲಾ ಟೀಶರ್ಟಿನ ಮೇಲೆಯೇ ಅಂಗಿ ಏರಿಸಿದಳು. ಅತ್ತ ಪ್ರಿಯಾಂಕಾ ಇನ್ನೂ ಹಟ ಬಿಡದೆ ಎಸೆಯುತ್ತಲೇ ಇದ್ದಳು. ಕುಂದಲಹಳ್ಳಿ ಎಂದಾಗ ಚೆಂಡು ನಡುವಿನವಳ ಕೈಗೇ ಬಂದು ಕೂತಿತು. ಹೋಪ್‌ಫಾರ್ಮ್ ಎಂದಾಗ ಮೊದಲಿನವಳ ತಲೆ ದಾಟಿ ಕೊನೆಯವಳ ಎದೆಗೇ ನೇರ ಹೋಯಿತು. ಗುರಿಯಿಲ್ಲದ ಕೈ ಇಷ್ಟು ನೇರ ಎಸೆಯುತ್ತದೆಯೇ? ಶಶಿಕಲಾ ಅವಳ ಬಳಿ ಹೋದಳು.

"ಹೋಪ್‌ಫಾರ್ಮ್ ಅಂದ್ರೆ ಯಾರಿಗೆ ಹಾಕ್ಬೇಕು?"

"ಕೊನೇಲಿರೋರಿಗೆ ಅಲ್ವಾ ಅಕ್ಕ? ಮಾರತ್ತಹಳ್ಳಿ ಆದ್ಮೇಲೆ ತಾನೆ ಹೋಪ್‌ಫಾರ್ಮ್ ಬರೋದು?"

ಹುಡುಗಿ ಬೇಗೂರಿನಿಂದ ಬರುವಾಗ ಮೊದಲು ಸಿಗುವುದು ಮಾರತ್ತಹಳ್ಳಿ, ಕೊನೆಗೆ ಹೋಪ್‌ಫಾರ್ಮ್. ಉಳಿದವರೆಲ್ಲ ಕಾಡುಗೋಡಿಯವರು, ಎಣಿಕೆ ಎಲ್ಲಿಂದ ಎಂದು ಅವಳಿಗೆ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಈಗಲೂ ಶಶಿಕಲಾಳೊಬ್ಬಳಿಗೇ ಗೊತ್ತು. ಬಾಯಿ ಮುಚ್ಚಿಕೊಂಡಿದ್ದರೆ ಫೈನಲ್ ಅವಳದು, ಮುಂದಿನ ಫೈನಲ್ಲಿಗೆ ಈ ಮಂಡಿ ಇರುವುದಿಲ್ಲ. ಹಾಳಾದ ಹುಡುಗಿ, ಕಣ್ಣರಳಿಸಿಕೊಂಡು ಉತ್ತರಕ್ಕೆ ಕಾಯುತ್ತಿದ್ದಳು.

"ನಮ್ ಬಸ್ಸು ಕಾಡುಗೋಡಿಯಿಂದ ಹೊರಡತ್ತೆ ಕಣೇ," ಎಂದಳು ಶಶಿಕಲಾ. ಅಂಗಿಯನ್ನು ತಲೆಯ ಮೇಲಿಂದ ಕಿತ್ತು ಅವಳ ಹೆಗಲಿಗೆ ಹಾಕಿ, ಮನಸ್ಸು ಬದಲಾಗುವ ಮುಂಚೆ ಚಿನ್ನಪ್ಪನವರ ಹತ್ತಿರ ಓಡಿದಳು.

ಆಟ ಶುರುವಾಗಿ ಐದು ನಿಮಿಷಕ್ಕೆ ಚೆಂಡು ಗೆರೆ ದಾಟಿತು. ಪ್ರಿಯಾಂಕಾ ಚೆಂಡನ್ನು ತಲೆಯ ಮೇಲೆತ್ತಿ ನಿಂತಳು. ಕಂಪನಿಯವರು ಮೊದಲಿನವಳನ್ನೇ ಸುತ್ತಿಕೊಂಡರು.

"ಮಾರತ್ತಹಳ್ಳಿ," ಎಂದು ಕೂಗಿದಳು ಮಾಲಾ.

ಚೆಂಡು ಎಲ್ಲರ ತಲೆ ದಾಟಿ ಕೊನೆಯವಳ ಕೈ ಸೇರಿತು, ಅವಳು ಓಟ ಕಿತ್ತಳು. ಗೆರೆಯಾಚೆ ನಿಂತಿದ್ದ ಶಶಿಕಲಾ ಮೈದಾನದ ತಗಡಿನ ಬಾಗಿಲನ್ನು, ಬಸ್ಸಿಗೆ ಬಡಿಯುವಂತೆ, ಅಂಗೈಯಿಂದ ಎರಡು ಸಲ ಬಡಿದಳು.

"ರೈಟ್, ರೈಟ್."